‘ಮುಟ್ಯಾವು’ ಎಂದ ಸುಬೇದಾರರು

ನವರಂಗಪುರದಲ್ಲಿ ನಮ್ಮ ಎದುರುಮನೆಯವರು ಧಾರವಾಡದ ಕಡೆಯ ನಿವೃತ್ತ ಸುಬೇದಾರರು. ಸೇನೆಯಲ್ಲಿ ವೈರ್‌ಲೆಸ್ ನೋಡಿಕೊಂಡಿದ್ದವರು. ನನ್ನ ಮಗಳು ಕಾಲೇಜಿಗೆಂದು ವಡೋದರಾದ ಬಸ್ಸು ಹತ್ತಿದಾಗಲೆಲ್ಲ ಬಾಗಿಲಲ್ಲಿ ನಿಂತು, "ಹೊಂಟಾಳೋ, ಮುಟ್ಯಾಳೋ?" ಎಂದು ಕೇಳುತ್ತಿದ್ದರು. ಮುಟ್ಟಿದಳು, ಅಂದರೆ ಊರು ತಲುಪಿದಳು, ಎಂದು ನಾವು ಹೇಳಿದ ಮೇಲೆಯೇ ನಮ್ಮಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಆ ಹೊತ್ತು ನನಗೆ ಈಗಲೂ ಬೇಕೆನಿಸುತ್ತದೆ.

ಒಂದು ಸಂಜೆ ಟೀವಿಯಲ್ಲಿ ತಜ್ಞರು, ಸುಬೇದಾರರು ಹೋರಾಡಿದ್ದ ಬೆಟ್ಟದ ಯುದ್ಧದ ಸರಿ ತಪ್ಪುಗಳನ್ನು ಅಳೆಯುತ್ತಿದ್ದರು. ಮದ್ದುಗುಂಡಿನ ಸರಬರಾಜು ಎಲ್ಲೂ ತಪ್ಪಲಿಲ್ಲ ಎಂದರು.

ಸುಬೇದಾರರು ಚಹಾದ ಬಸಿ ಕೆಳಗಿಟ್ಟರು. "ಬೆಟ್ಟ ಗೆದ್ದದ್ದು ಖರೇರಿ. ಆದ್ರ ಮ್ಯಾಲಿನ ಚೌಕಿಗೆ ಗುಂಡಿನ ಪೆಟಗಿ ಬರೇ ಹೊಂಟಿದ್ವು, ಮುಟ್ಟಿರಲಿಲ್ಲ. ನಾ ಮುಟ್ಯಾವು ಅಂತ ವೈರ್‌ಲೆಸ್‌ನ್ಯಾಗ ಹೇಳಿದೆ. ಹೊಂಟದ್ದು ಮುಟ್ಟೇ ಮುಟ್ಟತೈತಿ ಅನ್ನೋದು ನಮ್ಮ ರೂಢಿ. ಹಂಗಾಗಿ ಮತ್ತ ಯಾರೂ ಕಳಸಲಿಲ್ಲ. ಮ್ಯಾಲಿದ್ದವರು ಇಳದು ಬರಲಿಲ್ಲ."

ಸತ್ತವರ ಬಗ್ಗೆ ನಾನೇನೂ ಕೇಳಲಿಲ್ಲ ಎಂದು ನನ್ನ ನೆನಪು. ಕೇಳಿದಿರಿ ಎನ್ನುತ್ತಾಳೆ ಹೆಂಡತಿ. ಸುಬೇದಾರರು ಒಬ್ಬೊಬ್ಬರ ಹೆಸರನ್ನೂ ಊರನ್ನೂ ನನ್ನ ಮುಖ ನೋಡಿಯೇ ಹೇಳಿದರಂತೆ. ನನಗೆ ಒಂದು ಹೆಸರೂ ನೆನಪಿಲ್ಲ.