ಶೇಖವ್ವ ಬರೆದ ಬಾವಿ

ಇಳಕಲ್ಲಿನ ಒಂದು ನೇಕಾರ ಓಣಿಯಲ್ಲಿ ನೀರಿನ ಪೈಪು ನೆಟ್ಟಗೆ ಬಂದು, ಒಂದೇ ಒಂದು ಮನೆಯ ಮುಂದೆ ಪಕ್ಕಕ್ಕೆ ಸರಿದು, ಮತ್ತೆ ನೆಟ್ಟಗೆ ಹೋಗುತ್ತದೆ. ನೆಲ ಅಗೆದಾಗಲೆಲ್ಲ ಜನ ಗುತ್ತಿಗೆದಾರನಿಗೆ ಬೈಯುತ್ತಾರೆ. ಬೈಯಲಿ, ನಾನು ಅಡ್ಡ ಬರುವುದಿಲ್ಲ. ಅದು ಡೊಂಕಾದದ್ದು ನನ್ನ ಗೆಳತಿ ಶೇಖವ್ವನಿಂದ.

ಎಪ್ಪತ್ತೇಳರಲ್ಲಿ ನಾವಿಬ್ಬರು ಹೆಣ್ಣುಮಕ್ಕಳೂ ಬಾಗಲಕೋಟೆಯ ನಕ್ಷೆ ಕಚೇರಿಯಲ್ಲಿ ಅಕ್ಕಪಕ್ಕದ ಮೇಜಿನವರು. ಇಳಕಲ್ ಊರಿನ ತಳದ ಹಾಳೆ ಅವಳದು. ಮನೆ, ಓಣಿ, ಗುಡಿ, ಬಾವಿ ಎಲ್ಲ ಅದರಲ್ಲಿರುತ್ತಿತ್ತು. ಅದರ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ನಾನು ಗಟಾರು ಬರೆಯುತ್ತಿದ್ದೆ. ಪೈಪು ಬರೆಯುವವನು ಬಾದಾಮಿ ಕಚೇರಿಯ ಹುಚ್ಚೇಶ. ಒಬ್ಬರ ಹಾಳೆಗೆ ಇನ್ನೊಬ್ಬರು ಪೆನ್ನು ತಾಗಿಸುವಂತಿರಲಿಲ್ಲ. ಮೂಲೆಯ ಗುರುತುಗಳನ್ನು ಕೂಡಿಸಿ ಒಂದರ ಮೇಲೊಂದು ಇಟ್ಟರೆ ಇಡೀ ಊರು ಕಾಣಬೇಕು. ಶೇಖವ್ವ ಒಂದು ಗೋಡೆ ತಿದ್ದಿದರೂ ಹೊಸ ಪ್ರಿಂಟು ತಗಡಿನ ಡಬ್ಬಿಯಲ್ಲಿ ಕೆರೂರ ಮೇಲಿನ ಬಸ್ಸು ಹತ್ತಿ ಬಾದಾಮಿಗೆ ಹೋಗುತ್ತಿತ್ತು, ಅದನ್ನು ನೋಡಿ ಹುಚ್ಚೇಶ ತನ್ನ ಗೆರೆ ಸರಿಪಡಿಸುತ್ತಿದ್ದ.

“ಸೀರಿ ಒಡಲಿಗೆ ಸೆರಗು ಎಳಿಗೆ ಎಳಿ ಕೂಡಿಸಿ ಕೊಂಡಿ ಹಾಕಿದಂಗ ನಮ್ಮ ಕೆಲಸ,” ಎನ್ನುತ್ತಿದ್ದಳು ನೇಕಾರರ ಮಗಳು.

ಮೊದಮೊದಲು, ಗುರುತುಗಳನ್ನು ಗೊತ್ತುಮಾಡಲು, ಹುಚ್ಚೇಶ ಒಮ್ಮೆ ನಮ್ಮ ಕಚೇರಿಗೆ ಬಂದಿದ್ದ. ಅವಳ ಹಾಳೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿ, “ಇದರ ಮ್ಯಾಲ ಕಣ್ಣ ಮುಚ್ಚಿ ಗೆರಿ ಎಳೀಬಹುದು ನೋಡ್ರಿ,” ಎಂದ. ಅಷ್ಟೇ. ಆಮೇಲೆ ಅವನ ಹಾಳೆ ಬರುತ್ತಿತ್ತು, ಅವನು ಬರಲಿಲ್ಲ. ಬಂದ ಹಾಳೆಯನ್ನು ತನ್ನದರ ಮೇಲೆ ಹಾಸಿ ಶೇಖವ್ವ ಅಂಗೈಯಿಂದ ಸವರುತ್ತಲೇ ಇರುತ್ತಿದ್ದಳು. “ಸುಕ್ಕು ಹೋತೇನವ್ವಾ?” ಎಂದು ನಾನು ಕಾಡುತ್ತಿದ್ದೆ. ಜಾತಿ ಅಡ್ಡ ಇರಲಿಲ್ಲ, ಊರು ದೂರವಿರಲಿಲ್ಲ. ಬಾಯೊಂದು ಇರಲಿಲ್ಲ, ಇಬ್ಬರಿಗೂ. ಅವಳಿಗೆ ಅವನು ಬೇಕಾಗಿದ್ದ. ಒಬ್ಬ ಮನುಷ್ಯನನ್ನು ಅಷ್ಟು ಬಯಸಿದವರನ್ನು ನಾನು ಮತ್ತೆ ಕಂಡಿಲ್ಲ.

ಪೈಪಿನ ದಾರಿಗೆ ಏನಾದರೂ ಅಡ್ಡ ಬಂದರೆ ಪೈಪು ಬರೆಯುವವನೇ ಜಾಗಕ್ಕೆ ಹೋಗಿ ನೋಡಬೇಕೆಂಬುದು ನಮ್ಮ ಕಚೇರಿಯ ರಿವಾಜು. ಒಂದು ದಿನ ಶೇಖವ್ವ ತಳದ ಹಾಳೆಯಲ್ಲಿ ಇಳಕಲ್ಲಿನ ತನ್ನ ಮನೆಯ ಮುಂದೆಯೇ ಒಂದು ಸಣ್ಣ ದುಂಡು ಗೆರೆ ಎಳೆದು, ಬಾವಿ ಎಂದು ಬರೆದಳು.

“ನಿಮ್ಮ ಮನಿ ಮುಂದ ಬಾವಿ ಎಲ್ಲೈತಿ?” ಎಂದೆ.

“ಇಲ್ಲ ಇಂದ್ರಾ. ಅಡ್ಡ ಬಂದ್ರ ನೋಡಾಕ ಬರ್ತಾರಲ್ಲ. ಬಂದ ಮ್ಯಾಲ ಅಳಸ್ತೇನಿ.”

ಅಲ್ಲಿಂದ ಪ್ರತಿ ಶನಿವಾರ ಹುನಗುಂದದ ಮೇಲೆ ಹಾಯ್ದು ಊರಿಗೆ ಹೋಗುತ್ತಿದ್ದಳು. ರವಿವಾರ ತಲೆ ಬಾಚಿಕೊಂಡು, ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂಡುತ್ತಿದ್ದಳು. ಮಗಳಿಗೆ ಮನೆಗೆಲಸದ ಮೇಲೆ ಎಂಥ ಪ್ರೀತಿ ಬಂತೆಂದು ತಾಯಿ ರತ್ನಾಬಾಯಿ ಓಣಿಯಲ್ಲೆಲ್ಲ ಹೇಳಿಕೊಂಡಳಂತೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಬಾದಾಮಿಯಿಂದ ಹಾಳೆ ಬಂತು. ಮೇಲಿಟ್ಟು ನೋಡಿದರೆ ಪೈಪು ಬಾವಿಯ ಹತ್ತಿರ ಬಂದು, ಮರ್ಯಾದೆಯಿಂದ ದೂರ ಸರಿದು, ಮುಂದೆ ಹೋಗಿತ್ತು. ಹುಚ್ಚೇಶ ಜಾಗಕ್ಕೆ ಬಂದೇ ಇರಲಿಲ್ಲ.

“ಪೈಪು ಎಷ್ಟು ಚಂದ ಸರಿಸ್ಯಾರ ನೋಡು,” ಎಂದು ಶೇಖವ್ವ ಎದ್ದು ಪ್ರಿಂಟು ತೆಗೆಯುವ ಕೋಣೆಗೆ ಹೋದಳು. ಅಲ್ಲಿ ಅಮೋನಿಯಾದ ಘಾಟಿಗೆ ಯಾರ ಕಣ್ಣಲ್ಲೂ ನೀರು ಬರುತ್ತದೆ, ಯಾಕೆಂದು ಯಾರೂ ಕೇಳುವುದಿಲ್ಲ.

ಅಳಿಸುವುದಾದರೆ ಕಾರಣ ಹೇಳಬೇಕು. ಯಾವ ಬಾಯಿಂದ ಹೇಳಿಯಾಳು? ಸಾಹೇಬರ ಸಹಿ ಬಿತ್ತು. ಪೈಪು ಹಾಕುವ ಮಿಸ್ತ್ರಿ ಮಲೀಕಸಾಬ ಓಣಿಯಲ್ಲಿ ನಿಂತು, “ಬಾವಿ ಕಾಗದದಾಗ ಐತಿ, ನೆಲದಾಗ ಇಲ್ಲ,” ಎಂದು ಗೊಣಗಿ, ಕಾಗದದಂತೆಯೇ ಹಾಕಿ ಹೋದ.

ಎಂಬತ್ಮೂರರಲ್ಲಿ ಒಂದು ರವಿವಾರ ನಾನು ಸೀರೆ ಕೊಳ್ಳಲೆಂದು ಇಳಕಲ್ಲಿಗೆ, ಶೇಖವ್ವನ ಮನೆಗೆ ಹೋಗಿದ್ದೆ. ಬಾಗಿಲಲ್ಲಿ ಹುಚ್ಚೇಶ ಬಂದು ನಿಂತ. ಜೊತೆಗೆ ಅವನ ತಾಯಿ. ಶಿವಯೋಗ ಮಂದಿರದಲ್ಲಿ ಅವನ ಮದುವೆಯಂತೆ, ಮದುಮಗಳಿಗೆ ಸೀರೆ ಬೇಕಂತೆ. “ತಗೊಂಡ್ರ ಶೇಖವ್ವನವರ ಮನ್ಯಾಗ ತಗೋಬೇಕಂತ ಬಂದ್ವಿರಿ,” ಎಂದ.

ರತ್ನಾಬಾಯಿಗೆ ಏನು ಗೊತ್ತು ಪಾಪ. “ಮೈಮ್ಯಾಲ ಹಾಕಿದ್ರ ತಿಳೀತೈತಿ ಬಣ್ಣ,” ಎಂದು ಕೆಂಪು ಸೆರಗನ್ನು ಮಗಳ ಹೆಗಲಿಗೆ ಹೊದಿಸಿದಳು. ಹುಚ್ಚೇಶ ನೋಡಿದ. ಆಮೇಲೆ ಓಣಿಯ ಕಡೆ ಮುಖ ಮಾಡಿದ. “ಇದ ಇರ್ಲಿ,” ಎಂದಳು ಅವನ ತಾಯಿ.

ಹೊರಡುವಾಗ ಅವನು ಕಟ್ಟೆಯ ಕೆಳಗೆ ನಿಂತ. “ಬಾವಿ ಇಲ್ಲೇ ಇತ್ತಲ್ರಿ?”

ನನ್ನ ನಾಲಿಗೆ ತುರಿಸಿತು. ಶೇಖವ್ವ ನನ್ನ ಕಡೆ ನೋಡಲಿಲ್ಲ.

“ಮುಚ್ಯಾರ್ರಿ,” ಎಂದಳು.

“ಆವಾಗ ಬಂದು ನೋಡಬೇಕಂತ ಭಾಳ ಅನಿಸಿತ್ರಿ. ಕೆರೂರ ತನಕ ಬಂದಿದ್ದೆ. ನೀವು ಬರದದ್ದನ್ನ ನೋಡಾಕ ಹೋದ್ರ, ನಿಮ್ಮ ಮ್ಯಾಲ ನಂಬಿಕಿ ಇಲ್ಲಂದಂಗ ಆಗ್ತಿತ್ತು. ಅದಕ್ಕ ತಿರುಗಿ ಹೋದೆ.”

ಶೇಖವ್ವ ತಲೆ ಆಡಿಸಿದಳು. ಸೀರೆಯ ಗಂಟು ಹಿಡಿದು ಅವರು ಹೋದರು.

ಎಂಬತ್ತೈದರಲ್ಲಿ ತಳದ ಹಾಳೆ ಹಳತಾಗಿ, ಹೊಸದಾಗಿ ಬರೆಯುವ ಹುಕುಂ ಬಂತು. “ಈಗಾದ್ರೂ ಆ ಬಾವಿ ಬಿಡವ್ವಾ,” ಎಂದೆ ನಾನು.

ಅವಳು ಹುಚ್ಚೇಶನ ಹಳೆಯ ಹಾಳೆಯನ್ನು ಮೇಲಿಟ್ಟು, ಮೂಲೆಗಳನ್ನು ಕೂಡಿಸಿದಳು.

“ಬಾವಿ ತಗದ್ರ ಅವರ ಪೈಪು ಸುಮ್ಮಸುಮ್ಮನ ಡೊಂಕಾದಂಗ ಕಾಣ್ತೈತಿ ಇಂದ್ರಾ. ಮಂದಿ ನಗ್ತಾರ.”

ಪೆನ್ನಿಗೆ ಶಾಯಿ ತುಂಬಿ, ಮೊದಲಿದ್ದಲ್ಲೇ ಆ ಸಣ್ಣ ದುಂಡು ಗೆರೆಯನ್ನು ಮತ್ತೆ ಎಳೆದಳು.