ದಬ್ಬಳದ ತೂತಿನ ಸುತ್ತ

ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಇದು ಕಟ್ಟಿದ ಕತೆಯಲ್ಲ. ಅಜ್ಜಂಪುರದ ನಮ್ಮ ಮನೆಯಲ್ಲಿ, ಎಪ್ಪತ್ತರ ದಶಕದ ಕೊನೆಯಲ್ಲಿ, ಅಪ್ಪ ತೀರಿಕೊಂಡ ಹದಿನೇಳನೆಯ ದಿನ ನಡೆದದ್ದು.

ಅಪ್ಪ ತರೀಕೆರೆಯಲ್ಲಿ ಭೂಗೋಳದ ಮೇಷ್ಟರಾಗಿದ್ದವರು. ನಿವೃತ್ತಿಯ ನಂತರ ಕಣ್ಣು ಪೂರ್ತಿ ಹೋಯಿತು. ಪತ್ರಿಕೆಯ ಹವಾಮಾನ ನಕ್ಷೆಯ ಹುಚ್ಚು ಮಾತ್ರ ಹೋಗಲಿಲ್ಲ. ನಕ್ಷೆಯಲ್ಲಿನ ವಾಯುಭಾರದ ಗೆರೆಗಳ ಉದ್ದಕ್ಕೂ ನಾನು ಗುಂಡುಸೂಜಿಯಿಂದ ಚುಚ್ಚಿಕೊಡುತ್ತಿದ್ದೆ. ಅವರು ಹಾಳೆ ಮಗುಚಿ, ಹಿಂಬದಿಯ ಉಬ್ಬುಗಳನ್ನು ಬೆರಳಿನಿಂದ ಓದುತ್ತಿದ್ದರು. ನಮ್ಮೂರು ಸಿಗಲೆಂದು ಅಲ್ಲಿಗೆ ಮಾತ್ರ ಗೋಣಿ ಹೊಲಿಯುವ ದಬ್ಬಳದಿಂದ ಒಂದು ದೊಡ್ಡ ತೂತು.

"ನಂಗೆ ಬಂಗಾಳಕೊಲ್ಲಿ ಎಡಗಡೆ ಬತ್ತದೆ ಕಣೇ. ನಿಮ್ ಭೂಗೋಳವೇ ಬೇರೆ, ನಂದೇ ಬೇರೆ," ಎಂದು ನಗುತ್ತಿದ್ದರು. ಗೆರೆಗಳು ಒತ್ತೊತ್ತಾಗಿ ಸಿಕ್ಕಿದರೆ ನಗು ನಿಲ್ಲುತ್ತಿತ್ತು. "ಗಾಳಿ ಜೋರಾಗ್ತದೆ. ದನ ಒಳಕ್ಕೆ ಕಟ್ಟು."

ಅವರು ಹೋದ ಮೇಲೆ ನಾನು ಸೂಜಿ ಮುಟ್ಟಲಿಲ್ಲ. ಹದಿನೇಳನೆಯ ದಿನದ ನಕ್ಷೆಯಲ್ಲಿ ಗೆರೆಗಳು ಮದರಾಸಿನಿಂದಾಚೆ, ದೂರದ ಸಮುದ್ರದಲ್ಲಿ ಸುತ್ತಿಕೊಂಡಿದ್ದವು. ನೋಡಿ, ಪತ್ರಿಕೆಯನ್ನು ಅವರ ಕುರ್ಚಿಯ ಮೇಲಿಟ್ಟೆ.

ಸಂಜೆ ಏಳರ ಹೊತ್ತಿಗೆ ಕರೆಂಟ್ ಹೋಯಿತು. ತುಂತುರು ಮಳೆ, ಆಗೊಮ್ಮೆ ಈಗೊಮ್ಮೆ ಮಿಂಚು. ಗಾಳಿಯೇ ಇಲ್ಲ... ಅಮ್ಮ ಹಿಂದಿನ ಕೋಣೆಯಲ್ಲಿ ಅಪ್ಪನ ಮಂಚದ ಮೇಲೆ ಮಲಗಿದ್ದಳು. ಆ ಕೋಣೆಗೆ ಮಾತ್ರ ಮಣ್ಣಿನ ಗೋಡೆ, ತಗಡಿನ ಮಾಡು. ಹದಿನೇಳು ದಿನದಿಂದ ಅವಳು ಬೇರೆಲ್ಲೂ ಮಲಗಿರಲಿಲ್ಲ. ನಾನು ಸೀಮೆಎಣ್ಣೆಗೆಂದು ಪಕ್ಕದ ಮನೆಗೆ ಹೋದೆ.

ಹಿಂತಿರುಗಿ ಬಾಗಿಲು ತಳ್ಳಿದಾಗ ನಡುಮನೆಯಿಂದ ಸದ್ದು ಬಂತು. ಪುಟ್... ಪುಟ್... ಕಾಗದಕ್ಕೆ ಸೂಜಿ ಇಳಿಯುವ ಸದ್ದು. ಹೆಜ್ಜೆ ಇಟ್ಟೊಡನೆ ನಿಂತಿತು.

ತಡವರಿಸುತ್ತಾ ಕುರ್ಚಿ ಮುಟ್ಟಿದೆ. ಖಾಲಿ. ಪತ್ರಿಕೆ ಮಗುಚಿ ಬಿದ್ದಿತ್ತು. ಅದರ ಮೇಲೆ ಕೈಯಾಡಿಸಿದೆ... ಉಬ್ಬುಗಳು. ಬೆರಳಿಗೆ ದಬ್ಬಳದ ತೂತು ಸಿಕ್ಕಿತು. ಅದರ ಸುತ್ತ ಒಂದು ಸುತ್ತು, ಇನ್ನೊಂದು, ಮತ್ತೊಂದು. ನಡುವೆ ಉಗುರು ಹೋಗುವಷ್ಟೂ ಜಾಗವಿರಲಿಲ್ಲ.

ಹಿಂದಿನ ಕೋಣೆಗೆ ಓಡಿದೆ.

"ಅಮ್ಮ, ಏಳು. ನಡುಮನೆಗೆ ಬಾ."

"ಅವರ ಮಂಚ ಬಿಟ್ಟು ಬರಲ್ಲ ಕಣೇ."

"ಮಂಚಾನೂ ತತ್ತೀನಿ, ಮೊದ್ಲು ನೀನೇಳು."

"ನೀನೊಬ್ಳೇ ಎತ್ತೋಕೆ ಅದೇನು ಹೂವಿನ ಬುಟ್ಟೀನಾ?"

ಕಂಕುಳಿಗೆ ಕೈಹಾಕಿ, ಬೈಸಿಕೊಳ್ಳುತ್ತಲೇ ಎಳೆದು ತಂದೆ. ಅರ್ಧ ಗಂಟೆಯೊಳಗೆ ಗಾಳಿ ಬಂತು. ತಗಡುಗಳು ಕಿರುಚಿದವು, ಒಂದೊಂದಾಗಿ ಹಾರಿದವು. ಆಮೇಲೆ ಧೊಪ್ಪನೆ ಗೋಡೆ ಬಿದ್ದ ಸದ್ದು, ಹಸಿಮಣ್ಣಿನ ವಾಸನೆ... ಅಮ್ಮ ನನ್ನ ಕೈ ಹಿಡಿದಳು. ಬೆಳಗಿನವರೆಗೂ ಬಿಡಲಿಲ್ಲ.

ಬೆಳಿಗ್ಗೆ ನೋಡಿದರೆ ಮಂಚ ಮಣ್ಣಿನಡಿ ಮುರಿದಿತ್ತು. ಪತ್ರಿಕೆಯನ್ನು ಬೆಳಕಿಗೆ ಹಿಡಿದೆ. ಅಚ್ಚಿನ ಗೆರೆಗಳು ಇನ್ನೂ ಸಮುದ್ರದಲ್ಲೇ ಇದ್ದವು. ತೂತುಗಳ ಸುತ್ತುಗಳೆಲ್ಲ ನಮ್ಮೂರಿನ ಮೇಲಿದ್ದವು.

"ನೀನು ಚುಚ್ಚಿದ್ದು ಒಳ್ಳೇದೇ ಆಯ್ತು," ಅಂದಳು ಅಮ್ಮ.

"ನಾನಾ?"

"ಇನ್ಯಾರು? ಕರೆಂಟ್ ಹೋದ್ಮೇಲೆ ಕುರ್ಚೀಲಿ ಕೂತಿದ್ದೆಯಲ್ಲ. ಮಿಂಚಿನಲ್ಲಿ ಮಂಚದಿಂದ್ಲೇ ಕಾಣಿಸ್ತು. ನಿನ್ನ ಬೆನ್ನು ನಂಗೆ ಗೊತ್ತಾಗಲ್ವಾ? ಎರಡು ಸಲ ಕೂಗ್ದೆ, ತಿರುಗ್ಲೇ ಇಲ್ಲ."

ಆ ಹೊತ್ತಿಗೆ ನಾನು ಪಕ್ಕದ ಮನೆಯಲ್ಲಿದ್ದೆ.

"ಕೇಳಿಸ್ಲಿಲ್ಲಮ್ಮ," ಅಂದೆ.

ಅಮ್ಮ ಇರುವವರೆಗೂ ಹಾಗೆಯೇ ಹೇಳಿಕೊಂಡು ಬಂದೆ. ಆದರೆ ಕತ್ತಲಾದ ಮೇಲೆ ಅವಳನ್ನು ಮನೆಯಲ್ಲಿ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ನಾನಿಲ್ಲದಾಗ ಅವಳಿಗೆ ಮತ್ತೆ ನಾನು ಕಂಡುಬಿಟ್ಟರೆ ಎಂಬ ಭಯ.