ಕೊನೆಯ ಸಾಲಿನ ಸೊನ್ನೆ

ಕ್ಯಾನ್ಸರ್ ಸಂಶೋಧನೆ ಎಂದೊಡನೆ ಕಣ್ಣಿಗೆ ಕಟ್ಟುವುದು ಸೂಕ್ಷ್ಮದರ್ಶಕ ಮತ್ತು ಬಿಳಿ ಕೋಟು. ಅನುಕೂಲ ಕಡಿಮೆಯಿರುವ ನಮ್ಮಂಥ ಪ್ರಾಂತ್ಯದಲ್ಲಿ ಯಾವ ಸಂಶೋಧನೆ ಎಲ್ಲಿ ಮೊದಲು ನಡೆಯಬೇಕೆಂದು ತೂಗಿ ನೋಡುವ ಕೆಲಸಕ್ಕೆ ಅಂಥ ಥಳಕಿಲ್ಲ. ಅದಕ್ಕಾಗಿ ಮೂವತ್ತೊಂದು ವರ್ಷ ಸವೆಸಿ ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರನ್ನು ಈ ಕ್ಷೇತ್ರದ ಗುರು ಎಂದರೆ ಯಾರೂ ಆಕ್ಷೇಪಿಸಲಾರರು, ಅವರೊಬ್ಬರನ್ನು ಬಿಟ್ಟು. ಅವರು "ಯಾಕೆ?" ಎನ್ನುತ್ತಾರೆ. ಎಲ್ಲದಕ್ಕೂ ಹಾಗೆ ಕೇಳುವುದರಿಂದ ಕಚೇರಿಯಲ್ಲಿ ಅವರ ಅಡ್ಡಹೆಸರು ಯಾಕಮ್ಮ. ಅದು ತಮಗೆ ಗೊತ್ತೇ ಇಲ್ಲವೆಂದು ಅವರು ಇಷ್ಟು ವರ್ಷವೂ ನಟಿಸುತ್ತ ಬಂದಿದ್ದಾರೆ.

ನಾನು ಅವರ ಕೈಕೆಳಗೆ ಸೇರಿದ ಎರಡನೆಯ ವರ್ಷ, ಹದಿನಾಲ್ಕು ಜಿಲ್ಲೆಗಳ ಆದ್ಯತಾಪಟ್ಟಿ ಸಿದ್ಧಪಡಿಸುವ ಹೊಣೆ ನನ್ನ ಹೆಗಲೇರಿತು. ಪಟ್ಟಿಯ ಮೊದಲ ಐದು ಜಿಲ್ಲೆಗಳಿಗೆ ಮಾತ್ರ ತಪಾಸಣಾ ತಂಡ ಹೋಗುವುದಿತ್ತು. ಉಳಿದವು ಇನ್ನೈದು ವರ್ಷ ಕಾಯಬೇಕು. ಗಡಿಯ ಒಂದು ಜಿಲ್ಲೆಯಿಂದ ಗರ್ಭಕಂಠದ ಕ್ಯಾನ್ಸರಿನ ಒಂದೇ ಒಂದು ವರದಿಯೂ ಬಂದಿರಲಿಲ್ಲ. ನಾನು ಅದರ ಮುಂದೆ ಸೊನ್ನೆ ಬರೆದು, ಕೊನೆಯ ಸಾಲಿಗೆ ತಳ್ಳಿ, ಬೆನ್ನು ತಟ್ಟಿಸಿಕೊಳ್ಳಲು ಹೋದೆ.

"ಕಾಯಿಲೆ ಇಲ್ವೋ, ನೋಡೋರು ಇಲ್ವೋ?" ಎಂದರು ಮೇಡಂ. "ನಡಿ, ಹೋಗಿ ನೋಡ್ಕೊಂಡೇ ಬರೋಣ."

ಆ ಜಿಲ್ಲಾಸ್ಪತ್ರೆಯ ಪ್ರಯೋಗಾಲಯವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಗೋಡೆಯುದ್ದಕ್ಕೂ ಮರದ ಹಲಗೆಗಳ ಮೇಲೆ ಪುಟ್ಟ ಬಾಟಲಿಗಳು. ಪ್ರತಿಯೊಂದರ ಮೇಲೂ ಹೆಸರು, ವಯಸ್ಸು, ತಾರೀಖು. ಹೆಂಗಸರ ಗರ್ಭಕಂಠದಿಂದ ಪರೀಕ್ಷೆಗೆಂದು ತೆಗೆದ ತುಣುಕುಗಳವು, ಒಟ್ಟು ಇನ್ನೂರ ಹನ್ನೆರಡು.

"ಇದನ್ನ ನೋಡೋ ಡಾಕ್ಟ್ರಿಗೆ ವರ್ಗ ಆಗಿ ಹದಿಮೂರು ತಿಂಗಳಾಯ್ತು, ಮೇಡಂ," ಎಂದರು ಅಲ್ಲಿನ ಟೆಕ್ನೀಷಿಯನ್. "ಮೇಲಿನೋರಿಗೆ ಬರೆದೂ ಬರೆದೂ ಸಾಕಾಯ್ತು. ಯಾರಾದ್ರೂ ಬಂದೇ ಬರ್ತಾರೆ ಅಂತ ಫಾರ್ಮಲಿನ್ ಹಾಕಿ ಕಾಪಾಡ್ಕೊಂಡಿದೀನಿ." ಒಂದು ಬಾಟಲಿಯನ್ನು ಕೈಗೆತ್ತಿಕೊಂಡರು. "ಈ ಅಕ್ಕ ತಿಂಗಳು ತಿಂಗಳೂ ಬಂದು ಕೇಳ್ತಾರೆ. ನಾನೇನು ಹೇಳ್ಲಿ?"

ಬಾಟಲಿಗಳನ್ನೆಲ್ಲ ನಮ್ಮ ಸಂಸ್ಥೆಗೆ ತಂದು, ಮೇಡಂ ಮೊದಲು ಪರೀಕ್ಷೆ ಮಾಡಿಸಿದ್ದು ಆ ಅಕ್ಕನ ಬಾಟಲಿಯನ್ನೇ. ಒಟ್ಟು ಅರವತ್ತೊಂದು ಬಾಟಲಿಗಳಲ್ಲಿ ಕ್ಯಾನ್ಸರ್ ಇತ್ತು. ಆ ಅಕ್ಕನದು ಇನ್ನೂ ಗುಣವಾಗುವ ಹಂತ. ಅವರು ಇಂದಿಗೂ ಚೆನ್ನಾಗಿದ್ದಾರೆ. ಆದರೆ ವರದಿ ಹಿಡಿದು ಮನೆಮನೆಗೆ ಹೋದಾಗ ಹತ್ತೊಂಬತ್ತು ಮಂದಿ ಆಗಲೇ ತೀರಿಕೊಂಡಿದ್ದರು. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ. ಮೇಡಂ ಗದರಲಿಲ್ಲ. ವರದಿಯ ಮೊದಲ ಪುಟದಲ್ಲೇ 'ನಮ್ಮಿಂದ ತಪ್ಪಾಗಿತ್ತು' ಎಂದು ಬರೆದು ತಾವೊಬ್ಬರೇ ಸಹಿ ಹಾಕಿ, ಆ ಜಿಲ್ಲೆಯನ್ನು ಪಟ್ಟಿಯ ಮೊದಲ ಸಾಲಿಗೆ ತಂದರು. ಅಂದಿನಿಂದ ನಮ್ಮಲ್ಲಿ ಸೊನ್ನೆ ಬರೆಯುವವರು ಆ ಊರಿಗೆ ಹೋಗಿ ಬಂದ ಮೇಲೆಯೇ ಬರೆಯಬೇಕು.

ಈ ಲೇಖನಕ್ಕೆಂದು ಅವರ ಸಾಧನೆಗಳ ವಿವರ ಕೇಳಿದೆ. "ಹೊಗಳಿದ್ದು ಸಾಕು, ಈ ಸಲದ ಪಟ್ಟಿ ಎಲ್ಲಿ?" ಎಂದರು. ಕೊಟ್ಟೆ. ಅದರಲ್ಲೊಂದು ಸೊನ್ನೆಯಿತ್ತು, ಅದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು.

ಮೇಡಂ ಅವರಿಗೆ ದೀರ್ಘಾಯುಷ್ಯವೂ ಗಟ್ಟಿ ಮೊಣಕಾಲುಗಳೂ ಒದಗಿಬರಲೆಂದು ಮನಸಾರೆ ಹಾರೈಸುತ್ತೇನೆ. ಬೀಳ್ಕೊಡುಗೆ ಸಮಾರಂಭ ಶನಿವಾರ; ಸೋಮವಾರ ಬೆಳಗಿನ ಬಸ್ಸಿಗೆ ಎರಡು ಸೀಟು ಕಾದಿರಿಸಿದ್ದೇನೆ.